ಇಸಿಜಿ ನಾರ್ಮಲ್, ಆದರೂ ಡಾಕ್ಟರು ಯಾಕೆ ಮನೆಗೆ ಬಿಡುವುದಿಲ್ಲ?

52 ವರ್ಷದ ಒಬ್ಬರು ಎದೆ ಹಿಡಿದುಕೊಂಡು ಎಮರ್ಜೆನ್ಸಿಗೆ ಬಂದರು ಅಂತ ಇಟ್ಟುಕೊಳ್ಳಿ. ನೋವು ಶುರುವಾಗಿ ಒಂದು ಗಂಟೆ ಆಗಿದೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಯಿತು, ನಾರ್ಮಲ್. ರಕ್ತದಲ್ಲಿ ಟ್ರೋಪೊನಿನ್ ನೋಡಿದರು, ಅದೂ ನಾರ್ಮಲ್. ನೋವು ಕೂಡ ಈಗ ಇಳಿದಿದೆ. ಜೊತೆಗೆ ಬಂದವರಿಗೆ ಹೋದ ಜೀವ ಬಂದ ಹಾಗಾಯಿತು. 'ಏನಿಲ್ಲ, ಗ್ಯಾಸ್ಟ್ರಿಕ್ ಇರಬೇಕು, ಹೋಗೋಣ' ಎನ್ನುತ್ತಾರೆ. ಡಾಕ್ಟರು ಮಾತ್ರ 'ಇನ್ನೆರಡು ಮೂರು ಗಂಟೆ ಇಲ್ಲೇ ಇರಿ' ಎನ್ನುತ್ತಾರೆ.

ಇಲ್ಲಿ ಅನುಮಾನ ಹುಟ್ಟುವುದು ಸಹಜ. ಎರಡು ಪರೀಕ್ಷೆ ನಾರ್ಮಲ್ ಬಂದ ಮೇಲೂ ಯಾಕೆ ಹಿಡಿದಿಟ್ಟುಕೊಳ್ಳುತ್ತಾರೆ? ಸುಮ್ನೆ ಬಿಲ್ ಬೆಳೆಸುವುದಕ್ಕಾ? ಹಾಗೆ ಮಾಡುವವರೂ ಎಲ್ಲೋ ಇರಬಹುದು, ಆ ಮಾತು ಬೇರೆ. ಈ ಉದಾಹರಣೆಯಲ್ಲಿ ಡಾಕ್ಟರು ಮಾಡುತ್ತಿರುವುದು ಸರಿ. ಯಾಕೆ ಸರಿ ಅಂತ ಬಿಡಿಸಿ ನೋಡಿದರೆ, ತುರ್ತು ಹೊತ್ತಿನಲ್ಲಿ ವೈದ್ಯರು ತೀರ್ಮಾನ ಮಾಡುವ ರೀತಿಯೇ ನಾವು ಅಂದುಕೊಂಡ ಹಾಗಿಲ್ಲ ಅಂತ ಗೊತ್ತಾಗುತ್ತದೆ.

ಮೊದಲು ಆ ಎರಡು ಪರೀಕ್ಷೆಗಳನ್ನೇ ನೋಡೋಣ. ಸಾಮಾನ್ಯ ಇಸಿಜಿ ದಾಖಲಿಸುವುದು ಹೃದಯದ ಹತ್ತು ಸೆಕೆಂಡಿನ ಕತೆ, ಅಷ್ಟೇ. ರಕ್ತನಾಳ ಕಟ್ಟಿಕೊಂಡು, ಬಿಟ್ಟುಕೊಂಡು, ಮತ್ತೆ ಕಟ್ಟಿಕೊಳ್ಳುವ ಹೃದಯದಲ್ಲಿ ಆ ಹತ್ತು ಸೆಕೆಂಡು ಚೆನ್ನಾಗಿಯೇ ಇರಬಹುದು. ಅದಕ್ಕೇ ನೋವು ಮರಳಿದರೆ ಇಸಿಜಿಯನ್ನು ಮತ್ತೆ ತೆಗೆಯುತ್ತಾರೆ. ಟ್ರೋಪೊನಿನ್ ಕತೆ ಬೇರೆ. ಅದು ಹೃದಯದ ಸ್ನಾಯುವಿನೊಳಗೆ ಇರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ, ಆದರೆ ಸೋರಿ ಅಳತೆಗೆ ಸಿಗುವಷ್ಟಾಗಲು ಸಮಯ ಬೇಕು. ಈಗಿನ ಹೈ-ಸೆನ್ಸಿಟಿವಿಟಿ ಟ್ರೋಪೊನಿನ್ ಪರೀಕ್ಷೆ ತುಂಬಾ ಸೂಕ್ಷ್ಮ. ಬಂದ ತಕ್ಷಣ ಒಮ್ಮೆ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯುವ ಕ್ರಮವನ್ನು ಯುರೋಪಿನ ಹೃದ್ರೋಗ ಸಂಘ 2015ರ ಮಾರ್ಗಸೂಚಿಯಲ್ಲಿ ಸೇರಿಸಿತು. ಅಷ್ಟು ಸೂಕ್ಷ್ಮ ಪರೀಕ್ಷೆಗೂ ಒಂದು ಷರತ್ತು ಇದೆ. ಮೊದಲ ಅಳತೆ ತೀರಾ ಕಡಿಮೆ ಇದ್ದರೆ ಅದೊಂದರಿಂದಲೇ 'ಹಾರ್ಟ್ ಅಟ್ಯಾಕ್ ಅಲ್ಲ' ಅನ್ನಬಹುದು, ಆದರೆ ನೋವು ಶುರುವಾಗಿ ಮೂರು ಗಂಟೆ ದಾಟಿರಬೇಕು. ನಮ್ಮವರಿಗೆ ಆಗಿರುವುದು ಒಂದೇ ಗಂಟೆ. ಮೋಡ ಕಟ್ಟುತ್ತಿರುವಾಗಲೇ ನೆಲ ಮುಟ್ಟಿ ನೋಡಿ 'ಮಳೆ ಬಂದಿಲ್ಲ' ಅಂದ ಹಾಗೆ ಆ ನಾರ್ಮಲ್.

ಅಂದಹಾಗೆ, ನೋವು ಇಳಿದದ್ದೂ ಸಾಕ್ಷಿಯಲ್ಲ. ನಾಲಿಗೆ ಕೆಳಗಿನ ಮಾತ್ರೆಗೆ ನೋವು ಇಳಿದರೆ ಹೃದಯದ್ದು, ಆಸಿಡಿಟಿ ಔಷಧಿಗೆ ಇಳಿದರೆ ಹೊಟ್ಟೆಯದ್ದು ಅನ್ನುವ ಲೆಕ್ಕಾಚಾರ ಬಹಳ ಹಳೆಯದು. ಅದನ್ನು ನಂಬಿ ತೀರ್ಮಾನ ಮಾಡುವಂತಿಲ್ಲ.

ಇನ್ನು ಯೋಚನೆಯ ದಾರಿ. ದಿನನಿತ್ಯದ ಕ್ಲಿನಿಕ್‌ನಲ್ಲಿ ಡಾಕ್ಟರು ಮೊದಲು ಕೇಳಿಕೊಳ್ಳುವುದು 'ಇದು ಯಾವ ಕಾಯಿಲೆ ಇರುವ ಸಾಧ್ಯತೆ ಜಾಸ್ತಿ?' ಅಂತ. ಎಮರ್ಜೆನ್ಸಿಯಲ್ಲಿ ಆ ಪ್ರಶ್ನೆ ಎರಡನೆಯದು. ಮೊದಲ ಪ್ರಶ್ನೆ: 'ಈಗ ನಾನು ಕಾಣದೇ ಹೋದರೆ ಜೀವ ತೆಗೆಯುವಂಥದ್ದು ಇಲ್ಲಿ ಏನಿದೆ?' ಎದೆನೋವಿನಲ್ಲಿ ಆ ಪಟ್ಟಿ ಚಿಕ್ಕದು. ಹಾರ್ಟ್ ಅಟ್ಯಾಕ್, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆ ಸೀಳುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು, ಶ್ವಾಸಕೋಶದ ಸುತ್ತ ಗಾಳಿ ಸೇರಿ ಒತ್ತುವುದು, ಹೃದಯದ ಸುತ್ತ ದ್ರವ ತುಂಬಿ ಅದುಮುವುದು, ಅನ್ನನಾಳ ಒಡೆಯುವುದು. ಎದೆನೋವು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಇವು ಯಾವುದೂ ಇರುವುದಿಲ್ಲ. ಆದರೂ ಪ್ರತಿಯೊಬ್ಬರ ಹತ್ತಿರವೂ ಈ ಪಟ್ಟಿ ಹಿಡಿದೇ ಹೋಗಬೇಕು. ಹಾಗಂತ ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಬಿಟ್ಟರೆ ಆಯಿತಲ್ಲ?

ಆಗುವುದಿಲ್ಲ. ಇದು ನನಗೆ ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ ಭಾಗ. ಒಂದು ಸಣ್ಣ ಲೆಕ್ಕ ಮಾಡೋಣ. ಕಾಯಿಲೆ ಇರುವ ನೂರರಲ್ಲಿ 90 ಜನರನ್ನು ಸರಿಯಾಗಿ ಹಿಡಿಯುವ, ಇಲ್ಲದ ನೂರರಲ್ಲಿ 90 ಜನರಿಗೆ ಸರಿಯಾಗಿ 'ಇಲ್ಲ' ಅನ್ನುವ ಒಂದು ಪರೀಕ್ಷೆ ಇದೆ ಅಂತ ಅಂದುಕೊಳ್ಳಿ. ಕೇಳುವುದಕ್ಕೆ ಒಳ್ಳೆಯ ಪರೀಕ್ಷೆಯೇ. ಈಗ ಕಾಯಿಲೆಯ ಸಾಧ್ಯತೆ ತೀರಾ ಕಡಿಮೆ ಇರುವ, ಅಂದರೆ ನೂರಕ್ಕೆ ಇಬ್ಬರಿಗೆ ಮಾತ್ರ ಇರುವ ಗುಂಪಿನ 1000 ಜನರಿಗೆ ಮಾಡಿ. ನಿಜವಾಗಿ ಕಾಯಿಲೆ ಇರುವವರು 20, ಅವರಲ್ಲಿ 18 ಮಂದಿ ಪಾಸಿಟಿವ್. ಇಲ್ಲದ 980 ಮಂದಿಯಲ್ಲಿ 98 ಮಂದಿಯೂ ಪಾಸಿಟಿವ್! ಒಟ್ಟು 116 ಪಾಸಿಟಿವ್, ಅದರಲ್ಲಿ ನಿಜವಾದವು 18. ಆರೇಳು ಜನರನ್ನು ಹೆದರಿಸಿದರೆ ಒಬ್ಬರಿಗೆ ಕಾಯಿಲೆ. ಅದೇ ಪರೀಕ್ಷೆಯನ್ನು ಅರ್ಧಕ್ಕರ್ಧ ಕಾಯಿಲೆ ಇರುವ 1000 ಜನರಿಗೆ ಮಾಡಿದರೆ ಪಾಸಿಟಿವ್ ಬಂದ ಹತ್ತರಲ್ಲಿ ಒಂಬತ್ತು ನಿಜ. ಆದರೆ ಈ ಗುಂಪಿನಲ್ಲಿ ನೆಗೆಟಿವ್ ಬಂದ 500 ಜನರಲ್ಲಿ 50 ಮಂದಿಗೆ ಕಾಯಿಲೆ ಇದ್ದೇ ಇದೆ. ಅದೇ ಯಂತ್ರ, ಅದೇ ರಿಪೋರ್ಟು, ಅರ್ಥ ಮಾತ್ರ ಬೇರೆ ಬೇರೆ. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ ಬರೆದಿಟ್ಟು ಹೋಗಿದ್ದ, ಅವರು ತೀರಿಕೊಂಡ ಮೇಲೆ 1763ರಲ್ಲಿ ಅಚ್ಚಾದ ಗಣಿತದ ಬೇರು ಇದು.

ಅಂದರೆ ಪರೀಕ್ಷೆಯ ಉತ್ತರಕ್ಕೆ ಅರ್ಥ ಬರುವುದು ಪರೀಕ್ಷೆಗೆ ಮುಂಚೆ ಡಾಕ್ಟರ ತಲೆಯಲ್ಲಿ ಇದ್ದ ಅಂದಾಜಿನಿಂದ. ನೋವು ಹೇಗೆ ಶುರುವಾಯಿತು, ಎಲ್ಲಿಗೆ ಹರಡಿತು, ಬೆವರಿತಾ, ನಡೆದಾಗ ಹೆಚ್ಚಾಯಿತಾ ಅಂತ ಮಂಚದ ಪಕ್ಕ ನಿಂತು ಕೇಳುವುದು ಕಾಲಹರಣ ಅನ್ನಿಸಬಹುದು. ಆ ಅಂದಾಜು ಹುಟ್ಟುವುದೇ ಅಲ್ಲಿ. ಡಿ-ಡೈಮರ್ ಅನ್ನುವ ರಕ್ತಪರೀಕ್ಷೆ ಇದಕ್ಕೆ ಒಳ್ಳೆ ಉದಾಹರಣೆ. ಶ್ವಾಸಕೋಶದಲ್ಲಿ ಹೆಪ್ಪು ಇದ್ದರೆ ಅದು ಸಾಮಾನ್ಯವಾಗಿ ಏರುತ್ತದೆ. ಆದರೆ ವಯಸ್ಸಾದರೂ ಏರುತ್ತದೆ, ಗರ್ಭಿಣಿಯಾದರೂ, ಸೋಂಕಾದರೂ, ಆಪರೇಷನ್ ಆಗಿದ್ದರೂ ಏರುತ್ತದೆ. ಸಿಕ್ಕವರಿಗೆಲ್ಲ ಮಾಡಿಸಿದರೆ ಬೇಡದ ಸಿ.ಟಿ. ಸ್ಕ್ಯಾನ್‌ಗಳ ಸಾಲು ನಿಲ್ಲುತ್ತದೆ. ವಿಕಿರಣ, ಸ್ಕ್ಯಾನ್‌ನಲ್ಲಿ ನಾಳ ಎದ್ದು ಕಾಣಲೆಂದು ಚುಚ್ಚುವ, ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದ ಔಷಧಿ, ಕೊನೆಗೆ ಯಾವುದೋ ಅನುಮಾನದ ಚುಕ್ಕೆಗೆ ತಿಂಗಳುಗಟ್ಟಲೆ ರಕ್ತ ತೆಳು ಮಾಡುವ ಮಾತ್ರೆ. ಅದಕ್ಕೇ 2004ರಲ್ಲಿ 'ಪರ್ಕ್' ಅನ್ನುವ ಎಂಟು ಪ್ರಶ್ನೆಗಳ ನಿಯಮ ಬಂತು. ಅನುಮಾನ ಮೊದಲೇ ಕಡಿಮೆ ಇದ್ದು, ಎಂಟಕ್ಕೂ ಉತ್ತರ 'ಇಲ್ಲ' ಆದರೆ ಡಿ-ಡೈಮರ್ ಕೂಡ ಮಾಡಿಸಬೇಡಿ ಅನ್ನುತ್ತದೆ ಅದು. ಪರೀಕ್ಷೆ ಬೇಡ ಅಂತ ಹೇಳುವುದಕ್ಕೂ ಒಂದು ವಿಧಾನ ಬೇಕಾಯಿತು ನೋಡಿ.

ಸರಿ, ಅಂದಾಜು ಸಿಕ್ಕಿತು. ಎಷ್ಟು ಖಾತ್ರಿಯಾದರೆ ಚಿಕಿತ್ಸೆ ಶುರು ಮಾಡಬೇಕು? 1980ರಲ್ಲಿ ಸ್ಟೀಫನ್ ಪಾಕರ್, ಜೆರೋಮ್ ಕ್ಯಾಸಿರರ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಇದಕ್ಕೊಂದು ಸರಳ ಚೌಕಟ್ಟು ಕೊಟ್ಟರು. ಎರಡು ಗೆರೆ ಎಳೆಯಿರಿ. ಕಾಯಿಲೆಯ ಸಾಧ್ಯತೆ ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಪರೀಕ್ಷೆಯೂ ಬೇಡ, ಚಿಕಿತ್ಸೆಯೂ ಬೇಡ. ಮೇಲಿನ ಗೆರೆಗಿಂತ ಜಾಸ್ತಿ ಇದ್ದರೆ ಪರೀಕ್ಷೆಗೆ ಕಾಯದೆ ಚಿಕಿತ್ಸೆ ಕೊಡಿ. ನಡುವೆ ಇದ್ದರೆ ಮಾತ್ರ ಪರೀಕ್ಷೆ. ಚಂದ ಇರುವುದು ಏನೆಂದರೆ, ಈ ಗೆರೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಚಿಕಿತ್ಸೆಯಿಂದ ಆಗುವ ಹಾನಿ ಎಷ್ಟು, ಕೊಡದಿದ್ದರೆ ಆಗುವ ನಷ್ಟ ಎಷ್ಟು ಅನ್ನುವುದರ ಮೇಲೆ ಅವು ಸರಿಯುತ್ತವೆ. ಹಾರ್ಟ್ ಅಟ್ಯಾಕ್ ಅನುಮಾನಕ್ಕೆ ಆಸ್ಪಿರಿನ್ ಕೊಡಲು ಡಾಕ್ಟರಿಗೆ ಹೆಚ್ಚು ಖಾತ್ರಿ ಬೇಕಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಬೇಕು, ಯಾಕೆಂದರೆ ಅದನ್ನು ಪಡೆದ ಸಾವಿರ ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಿದುಳಿನೊಳಗೆ ರಕ್ತಸ್ರಾವ ಆಗುತ್ತದೆ.

ಗಡಿಯಾರ ಸೇರಿಕೊಂಡರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಮೇಲಕ್ಕೆ ಏರಿರುವ ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಪೂರ್ತಿ ಮುಚ್ಚಿರುವ ಸಂಭವ ಹೆಚ್ಚು. ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆಯಲ್ಲೇ ಇದ್ದರೆ 90 ನಿಮಿಷದೊಳಗೆ ನಾಳ ತೆರೆಯಬೇಕು ಅನ್ನುವುದು ಗುರಿ. ಬೇರೆ ಕಡೆ ಸಾಗಿಸಬೇಕು, 120 ನಿಮಿಷದೊಳಗೆ ಆಗುವ ಹಾಗಿಲ್ಲ ಅನ್ನಿಸಿದರೆ ಇದ್ದಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಮೇಲು. ಆಂಜಿಯೋಪ್ಲಾಸ್ಟಿಯೇ ಉತ್ತಮ ಚಿಕಿತ್ಸೆ ಅಂತ ಗೊತ್ತಿದ್ದೂ ಎರಡನೆಯದನ್ನು ಆರಿಸಿಕೊಳ್ಳುವುದು ಇದು. ತಡವಾಗಿ ಸಿಗುವ ಒಳ್ಳೆಯದಕ್ಕಿಂತ ಈಗ ಸಿಗುವ ಸಾಧಾರಣದ್ದು ಇಲ್ಲಿ ಗೆಲ್ಲುತ್ತದೆ.

ಹಾಗಾದರೆ ಎಸ್‌ಟಿ ಏರಿದ್ದು ಕಂಡ ಕೂಡಲೇ ಓಡಬೇಕು, ಅಲ್ವಾ? ಬಹಳ ಸಲ ಹೌದು. ಪ್ರತಿ ಸಲವೂ ಅಲ್ಲ. ಅಮೆರಿಕದ ನಟ ಜಾನ್ ರಿಟ್ಟರ್ 2003ರ ಸೆಪ್ಟೆಂಬರ್ 11ರಂದು ಟಿವಿ ಧಾರಾವಾಹಿಯ ತಾಲೀಮಿನಲ್ಲಿದ್ದಾಗ ಅಸ್ವಸ್ಥರಾದರು. ಹಾರ್ಟ್ ಅಟ್ಯಾಕ್ ಅಂತ ಚಿಕಿತ್ಸೆ ಶುರುವಾಯಿತು. ನಿಜವಾಗಿ ಸೀಳಿದ್ದು ಮಹಾಪಧಮನಿ. ಅದೇ ರಾತ್ರಿ ತೀರಿಕೊಂಡರು, 54 ವರ್ಷ. ಈ ಎರಡು ಕಾಯಿಲೆಗಳು ಒಂದನ್ನೊಂದು ಎಷ್ಟು ಚೆನ್ನಾಗಿ ಅನುಕರಿಸುತ್ತವೆ ಎಂದರೆ, ಸೀಳು ಹೃದಯದ ಸ್ವಂತ ರಕ್ತನಾಳದ ಬಾಯಿವರೆಗೆ ಹಬ್ಬಿದರೆ ಇಸಿಜಿಯಲ್ಲೂ ಹಾರ್ಟ್ ಅಟ್ಯಾಕೇ ಕಾಣುತ್ತದೆ. ಆದರೆ ಚಿಕಿತ್ಸೆ ತದ್ವಿರುದ್ಧ. ಒಂದಕ್ಕೆ ರಕ್ತ ತೆಳು ಮಾಡಬೇಕು. ಇನ್ನೊಂದಕ್ಕೆ ಅದೇ ಔಷಧಿ ಮಾರಕವಾಗಬಹುದು.

ಅವರ ಕುಟುಂಬ ಕೋರ್ಟಿಗೆ ಹೋಯಿತು. ಎದೆಯ ಎಕ್ಸ್‌ರೇ ತೆಗೆದಿದ್ದರೆ ಗೊತ್ತಾಗುತ್ತಿತ್ತು ಅನ್ನುವುದು ಒಂದು ಕಡೆಯ ವಾದ. ಹಾರ್ಟ್ ಅಟ್ಯಾಕ್ ಲಕ್ಷಣ ಎದುರಿಗಿದ್ದಾಗ ಕಾಯುವಷ್ಟು ಸಮಯ ಇರಲಿಲ್ಲ ಅನ್ನುವುದು ಇನ್ನೊಂದು ಕಡೆಯ ವಾದ. 2008ರಲ್ಲಿ ಜ್ಯೂರಿ ವೈದ್ಯರ ತಪ್ಪಿಲ್ಲ ಎಂದಿತು. ಈ ತೀರ್ಪು ಸರಿಯೋ ತಪ್ಪೋ ಹೇಳುವುದು ನನ್ನ ಕೆಲಸವಲ್ಲ. ಆದರೆ ಇಂಥ ಪ್ರಕರಣ ಓದುವಾಗ ನಾವೆಲ್ಲ ಒಂದು ಮೋಸ ಮಾಡುತ್ತೇವೆ: ಕೊನೆಯ ಪುಟ ಓದಿಕೊಂಡು ಬಂದು ಮೊದಲ ಪುಟದಲ್ಲಿ ಇರುವವರನ್ನು ಬೈಯುತ್ತೇವೆ. ಮಹಾಪಧಮನಿ ಸೀಳುವುದು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಆಗುವ ಸಂಗತಿ. ಎಸ್‌ಟಿ ಏರಿದ ಪ್ರತಿಯೊಬ್ಬರಿಗೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸುತ್ತೇವೆ ಅಂತ ಹೊರಟರೆ, ಆ ಒಬ್ಬರನ್ನು ಹುಡುಕುವಷ್ಟರಲ್ಲಿ ಎಷ್ಟೋ ಮಂದಿಯ ಹೃದಯದ ಸ್ನಾಯು ಸತ್ತುಹೋಗಿರುತ್ತದೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಸ್ಕ್ಯಾನ್‌ಗೆ ಸಮಯ ಇಲ್ಲದಿದ್ದರೂ ಪ್ರಶ್ನೆಗೆ ಸಮಯ ಇದೆ. ನೋವು ನಿಧಾನಕ್ಕೆ ಏರಿತಾ, ಒಮ್ಮೆಲೇ ಹರಿದ ಹಾಗೆ ಬಂತಾ? ಬೆನ್ನಿಗೆ ಹೋಯಿತಾ? ಎರಡೂ ಕೈಯಲ್ಲಿ ಬಿಪಿ ನೋಡಿದರೆ 20ಕ್ಕಿಂತ ಹೆಚ್ಚು ವ್ಯತ್ಯಾಸ ಇದೆಯಾ? ಎದೆನೋವಿನ ಜೊತೆ ಒಂದು ಕಾಲು ಸೋತಿದೆಯಾ? ಎಲ್ಲ ಸೇರಿ ಒಂದೆರಡು ನಿಮಿಷ. ಈ ಪ್ರಶ್ನೆಗಳು ತಪ್ಪಿಹೋಗುವುದು ಗೊತ್ತಿಲ್ಲದ್ದಕ್ಕಲ್ಲ, ಉತ್ತರ ಆಗಲೇ ಸಿಕ್ಕಿಬಿಟ್ಟಿದೆ ಅನ್ನಿಸಿದ್ದಕ್ಕೆ. ಕೆನಡಾದ ತುರ್ತು ವೈದ್ಯ ಪ್ಯಾಟ್ ಕ್ರಾಸ್ಕೆರಿ ಈ ತರಹದ ಯೋಚನೆಯ ಜಾರುಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಮೊದಲು ಹೊಳೆದದ್ದಕ್ಕೆ ಲಂಗರು ಹಾಕುವುದು ಒಂದು. ವಿಚಾರಣೆ ಮುಗಿಯುವ ಮುಂಚೆಯೇ ಬಾಗಿಲು ಮುಚ್ಚುವುದು ಇನ್ನೊಂದು. ಅಪಾಯದ್ದು ಮೂರನೆಯದು: ಒಬ್ಬರು ಹಚ್ಚಿದ ಹಣೆಪಟ್ಟಿ ಕೈಯಿಂದ ಕೈಗೆ ಸಾಗುತ್ತಾ ಗಟ್ಟಿಯಾಗುವುದು. ಮೊದಲು ನೋಡಿದವರು 'ಗ್ಯಾಸ್ಟ್ರಿಕ್ ಇರಬಹುದಾ' ಅಂದಿರುತ್ತಾರೆ. ಶಿಫ್ಟ್ ಬದಲಾಗುವಾಗ ಅದು 'ಗ್ಯಾಸ್ಟ್ರಿಕ್ ಅಂತೆ' ಆಗುತ್ತದೆ. ಬೆಳಗಿನ ಹೊತ್ತಿಗೆ 'ಗ್ಯಾಸ್ಟ್ರಿಕ್ ಪೇಷಂಟ್' ಆಗಿರುತ್ತದೆ. ನಡುವೆ ಹೊಸ ಸಾಕ್ಷಿ ಏನೂ ಬಂದಿರುವುದಿಲ್ಲ.

ಪರೀಕ್ಷೆಗೆ ಕಾಯಬೇಕಾ ಬೇಡವಾ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ ಅನ್ನುವುದಕ್ಕೆ ಎರಡು ಚಿತ್ರ ಪಕ್ಕಪಕ್ಕ ಇಡುತ್ತೇನೆ. ಒಬ್ಬರ ಶ್ವಾಸಕೋಶದ ಸುತ್ತ ಗಾಳಿ ಒತ್ತುತ್ತಿದೆ. ಬಿಪಿ ಕುಸಿಯುತ್ತಿದೆ, ಒಂದು ಕಡೆ ಉಸಿರಿನ ಸದ್ದಿಲ್ಲ. ಇಲ್ಲಿ ಎಕ್ಸ್‌ರೇಗೆ ಕಳಿಸುವುದು ತಪ್ಪು, ಗಾಳಿ ಹೊರಗೆ ಬಿಡಬೇಕು, ಈಗಲೇ. ಇನ್ನೊಬ್ಬರಿಗೆ ಬಾಯಿ ಸೊಟ್ಟಗಾಗಿದೆ, ಕೈ ಏಳುತ್ತಿಲ್ಲ. ಸ್ಟ್ರೋಕ್. ಇಲ್ಲಿಯೂ ನಿಮಿಷ ನಿಮಿಷಕ್ಕೆ ಬೆಲೆ ಇದೆ. ದೊಡ್ಡ ನಾಳ ಕಟ್ಟಿದ ಸ್ಟ್ರೋಕ್‌ನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನುವುದು 2006ರ ಪ್ರಸಿದ್ಧ ಅಂದಾಜು. ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೂ ಸ್ಕ್ಯಾನ್ ಇಲ್ಲದೆ ಕೊಡುವಂತಿಲ್ಲ. ನಾಳ ಕಟ್ಟಿದೆಯೋ ಒಡೆದಿದೆಯೋ ಅಂತ ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ಒಡೆದಿದ್ದರೆ ಆ ಔಷಧಿ ಬೆಂಕಿಗೆ ತುಪ್ಪ. ಸಕ್ಕರೆ ಮಟ್ಟವನ್ನೂ ಮೊದಲೇ ನೋಡುತ್ತಾರೆ, ಸಕ್ಕರೆ ಇಳಿದರೂ ಥೇಟ್ ಸ್ಟ್ರೋಕ್ ಹಾಗೇ ಕಾಣಬಹುದು. ಎರಡೂ ಕಡೆ ಅವಸರ ಇದೆ. ಒಂದು ಕಡೆ ಅವಸರ ಅಂದರೆ ಪರೀಕ್ಷೆ ಬಿಡುವುದು, ಇನ್ನೊಂದು ಕಡೆ ಪರೀಕ್ಷೆಯ ಕಡೆಗೇ ಓಡುವುದು.

ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹದ ತಪ್ಪಿ ಅಂಗಾಂಗ ಕೆಡಿಸುವ ಸೆಪ್ಸಿಸ್ ಇವೆರಡರ ನಡುವೆ ಬರುತ್ತದೆ. ಆಂಟಿಬಯಾಟಿಕ್ ಬೇಗ ಕೊಟ್ಟಷ್ಟೂ ಒಳ್ಳೆಯದು, ಆದರೆ ಜ್ವರ ಬಂದವರೆಲ್ಲ ಸೆಪ್ಸಿಸ್ ಅಲ್ಲ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇಲ್ಲಿ ಗೆರೆ ಎಳೆದಿದೆ. ಬಿಪಿ ಕುಸಿದು ಆಘಾತದ ಸ್ಥಿತಿ ಇದ್ದರೆ ಒಂದು ಗಂಟೆಯೊಳಗೆ ಕೊಡಿ. ಆಘಾತ ಇಲ್ಲ, ಸೆಪ್ಸಿಸ್ ಹೌದೋ ಅಲ್ಲವೋ ಖಾತ್ರಿಯೂ ಇಲ್ಲ ಅಂದರೆ ಬೇಗ ಬೇಗ ತನಿಖೆ ಮಾಡಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ ಕೊಡಿ.

ಈ ಅನುಮಾನವನ್ನು ಯಂತ್ರಕ್ಕೇ ಒಪ್ಪಿಸಿಬಿಡೋಣ ಅನ್ನುವ ಮಾತು ಈಗ ಜೋರಾಗಿದೆ. ಇಸಿಜಿ ಓದುವ, ಅಪಾಯ ಮುಂಚೆಯೇ ಸಾರುವ ಸಾಫ್ಟ್‌ವೇರ್‌ಗಳು ಬಂದಿವೆ. ಕೆಲವು ನಿಜಕ್ಕೂ ಉಪಯುಕ್ತ. ಆದರೆ ಸೆಪ್ಸಿಸ್ ಮುನ್ಸೂಚನೆಗೆ ನೂರಾರು ಆಸ್ಪತ್ರೆಗಳು ಬಳಸುತ್ತಿದ್ದ ಒಂದು ಸಾಫ್ಟ್‌ವೇರನ್ನು ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ನೆನಪಿರಲಿ. ಸೆಪ್ಸಿಸ್ ಆದವರಲ್ಲಿ ಮೂರನೇ ಎರಡು ಭಾಗದಷ್ಟು ಜನರನ್ನು ಅದು ಹಿಡಿಯಲೇ ಇಲ್ಲ. ಆದರೂ ದಾಖಲಾದ ನೂರರಲ್ಲಿ 18 ಮಂದಿಗೆ ಎಚ್ಚರಿಕೆ ಗಂಟೆ ಬಾರಿಸಿತ್ತು. ಮೇಲೆ ಮಾಡಿದ ಲೆಕ್ಕವೇ ಇದು, ಪಾಸಿಟಿವ್ ಅನ್ನುವ ಮಾತಿನ ಜಾಗದಲ್ಲಿ ಗಂಟೆ ಬಂದಿದೆ ಅಷ್ಟೇ. ದಿನವಿಡೀ ಸುಳ್ಳು ಗಂಟೆ ಕೇಳುವ ನರ್ಸ್ ಒಂದು ದಿನ ನಿಜವಾದ ಗಂಟೆಗೂ ತಲೆ ಎತ್ತುವುದಿಲ್ಲ.

ಮನುಷ್ಯರ ಅನುಭವವೇ ಮೇಲು ಅಂತ ನಾನೇನೂ ಹೇಳುತ್ತಿಲ್ಲ. ಅನುಭವ ಭಯಂಕರವಾಗಿ ತಪ್ಪಿದ ಉದಾಹರಣೆ ಇದೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯ ಆಗಾಗ ತಾಳ ತಪ್ಪಿ ಬಡಿದರೆ ಅಪಾಯ, ಹಾಗಾಗಿ ತಾಳ ಸರಿಮಾಡುವ ಔಷಧಿ ಕೊಟ್ಟರೆ ಜೀವ ಉಳಿಯುತ್ತದೆ ಅಂತ ವೈದ್ಯರು ನಂಬಿದ್ದರು. ತರ್ಕ ಸರಿಯಾಗೇ ಇತ್ತು. 'ಕಾಸ್ಟ್' ಅನ್ನುವ ಅಧ್ಯಯನದಲ್ಲಿ ನಿಜವಾಗಿ ಪರೀಕ್ಷಿಸಿದಾಗ, 1989ರ ಹೊತ್ತಿಗೆ ಗೊತ್ತಾಗಿದ್ದು ಬೇರೆ: ಔಷಧಿ ತಾಳವನ್ನೇನೋ ಸರಿಮಾಡಿತು, ಆದರೆ ಅದನ್ನು ಪಡೆದವರೇ ಜಾಸ್ತಿ ಸತ್ತರು. ಹಾರ್ಟ್ ಅಟ್ಯಾಕ್ ಆದವರಿಗೆಲ್ಲ ಆಕ್ಸಿಜನ್ ಮಾಸ್ಕ್ ಹಾಕುವ ರೂಢಿಯೂ ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಸಾಕಷ್ಟು ಇರುವವರಿಗೆ ಅದರಿಂದ ಲಾಭ ಇಲ್ಲ ಅಂತ 2017ರಲ್ಲಿ ಸ್ವೀಡನ್‌ನ ದೊಡ್ಡ ಅಧ್ಯಯನ ತೋರಿಸಿತು.

ಅನುಭವದ ಕಣ್ಣಿಗೆ ಕಾಣದ ಇನ್ನೊಂದು ದೋಷ ಮುಖ ನೋಡಿ ಅಂದಾಜು ಮಾಡುವುದು. ಹಾರ್ಟ್ ಅಟ್ಯಾಕ್ ಅಂದರೆ ಕಣ್ಣ ಮುಂದೆ ಬರುವುದು ಎದೆ ಹಿಡಿದುಕೊಂಡ ನಡುವಯಸ್ಸಿನ ಗಂಡಸು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ಟ್ ಅಟ್ಯಾಕ್ ಆಗಿದ್ದವರಲ್ಲಿ ನೂರಕ್ಕೆ 2.1ರಷ್ಟು ಜನರನ್ನು ತಪ್ಪಾಗಿ ಮನೆಗೆ ಕಳಿಸಲಾಗಿತ್ತು. ತೀವ್ರ ಹೃದಯ ತೊಂದರೆ ಇದ್ದೂ ಹೀಗೆ ವಾಪಸಾಗುವ ಸಂಭವ ಯಾರಿಗೆ ಜಾಸ್ತಿ? 55ರೊಳಗಿನ ಹೆಂಗಸರು, ಬಿಳಿಯರಲ್ಲದವರು, ಎದೆನೋವಿಗಿಂತ ಉಸಿರಾಟದ ತೊಂದರೆ ಹೇಳಿಕೊಂಡು ಬಂದವರು, ಮತ್ತೆ, ಇಸಿಜಿ ನಾರ್ಮಲ್ ಇದ್ದವರು.

ಅಂಕ ಹಾಕುವ ಪದ್ಧತಿಗಳು ಬಂದದ್ದು ಇದನ್ನು ಸ್ವಲ್ಪ ನೆಟ್ಟಗೆ ಮಾಡಲಿಕ್ಕೆ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬಂದ 'ಹಾರ್ಟ್ ಸ್ಕೋರ್' ಈಗ ಹೆಚ್ಚು ಚಾಲ್ತಿಯಲ್ಲಿದೆ. ನೋವಿನ ಕತೆ, ಇಸಿಜಿ, ವಯಸ್ಸು, ಬಿಪಿಯಂಥ ಅಪಾಯದ ಅಂಶಗಳು, ಟ್ರೋಪೊನಿನ್. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ. ಒಟ್ಟು ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. ಕಡಿಮೆ ಅಂದರೆ ಸೊನ್ನೆ ಅಲ್ಲ. ಮುಂದಿನ ಒಂದು ತಿಂಗಳಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ತೊಂದರೆ ಆಗಬಹುದು ಅನ್ನುವ ಮಟ್ಟ. ಅದನ್ನೂ ಇಲ್ಲವಾಗಿಸುತ್ತೇವೆ ಅಂತ ಎಲ್ಲರನ್ನೂ ದಾಖಲು ಮಾಡಿಕೊಂಡರೆ ಬೇಡದ ಆಂಜಿಯೋಗ್ರಾಂಗಳಿಂದ ಆಗುವ ಹಾನಿ ಆ ಲಾಭವನ್ನು ನುಂಗುತ್ತದೆ. ನಿಜವಾಗಿ ಮಂಚ ಬೇಕಾದವರು ಹೊರಗೆ ಸ್ಟ್ರೆಚರ್ ಮೇಲೆ ಕಾಯುತ್ತಾರೆ.

ನಮ್ಮ 52 ವರ್ಷದವರಿಗೆ ಬರೋಣ. ಕತೆ ಅರೆಬರೆ ಅನುಮಾನದ್ದು, ಒಂದು ಅಂಕ. ಇಸಿಜಿ ಸೊನ್ನೆ. ವಯಸ್ಸಿಗೆ ಒಂದು, ಬಿಪಿಗೆ ಒಂದು. ಮೂರು ಗಂಟೆ ಬಿಟ್ಟು ಮಾಡಿದ ಟ್ರೋಪೊನಿನ್ ಅಲುಗಾಡಿಲ್ಲ, ಸೊನ್ನೆ. ಎರಡನೇ ಇಸಿಜಿಯೂ ಮೊದಲಿನ ಹಾಗೇ ಇದೆ. ಒಟ್ಟು ಮೂರು. ಈಗ ಮನೆಗೆ ಹೋಗಬಹುದು. ಡಾಕ್ಟರು ನೋವು ಮರಳಿದರೆ, ಬೆವರಿದರೆ, ಉಸಿರು ಕಟ್ಟಿದರೆ ತಕ್ಷಣ ಬನ್ನಿ ಎನ್ನುತ್ತಾರೆ, ಕೆಲವೇ ದಿನದಲ್ಲಿ ಮತ್ತೆ ತೋರಿಸಿಕೊಳ್ಳಲು ಹೇಳುತ್ತಾರೆ. ಡಿಸ್ಚಾರ್ಜ್ ಚೀಟಿ ಓದಿ ಮನೆಯವರಿಗೆ ಸ್ವಲ್ಪ ಕಸಿವಿಸಿ. 'ಗ್ಯಾಸ್ಟ್ರಿಕ್ ಅಂತ ಬರೆದುಕೊಡಬಹುದಿತ್ತಲ್ಲ ಡಾಕ್ಟ್ರೇ?' ಚೀಟಿಯಲ್ಲಿ ಇರುವುದು ಇಷ್ಟೇ: 'ಎದೆನೋವು. ಕಾರಣ ಇನ್ನೂ ಗೊತ್ತಾಗಿಲ್ಲ.' ನಾಳೆ ರಾತ್ರಿ ನೋವು ಮರಳಿ, ಇವರು ಬೇರೆ ಎಲ್ಲಾದರೂ ಹೋದರೆ, ಅಲ್ಲಿರುವ ಡಾಕ್ಟರು ಮೊದಲು ನೋಡುವುದು ಆ ಚೀಟಿಯನ್ನೇ.